ಸಾಲಿ ಗೆಳೆಯರನ್ನು ಹುಡುಕುವ ಮೊದಲ ಪಾಠ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಈಗ ಗುರುವಂದನೆಗಳ ಸುಗ್ಗಿ. ಒಂದೇ ಸಾಲಿನಲ್ಲಿ ಹತ್ತನೇ ತರಗತಿ ಮುಗಿಸಿದವರೆಲ್ಲ ಓದಿದ ಶಾಲೆಯ ಅಂಗಳದಲ್ಲೇ ಪೆಂಡಾಲು ಹಾಕಿಸಿ, ಕಲಿಸಿದ ಮಾಸ್ತರರಿಗೂ ಅಕ್ಕೋರಿಗೂ ಶಾಲು ಹೊದಿಸಿ, ಕೂಡಿ ಉಂಡು ಹೋಗುತ್ತಾರೆ. ಇಂಥ ಸ್ನೇಹ ಸಮ್ಮಿಲನಗಳ ಹಿಂದೆ ಹೆಚ್ಚಾಗಿ ಒಂದು ವಾಟ್ಸ್ಆ್ಯಪ್ ಗ್ರೂಪ್ ಇರುತ್ತದೆ. ಆದರೆ ಅವು ಬಹುಮಟ್ಟಿಗೆ ನಲವತ್ತು ಐವತ್ತರ ಪ್ರಾಯದವರ ಗ್ರೂಪುಗಳು. ಮುಲ್ಕಿ ಪರೀಕ್ಷೆ ಬರೆದ ಕಾಲದವರು, ಈಗ ಅರವತ್ತು ಎಪ್ಪತ್ತು ದಾಟಿದವರು, ‘ನಮ್ಮ ಸಂಗಡಿಗರು ಯಾರು ಸಿಗ್ತಾರ್ರೀ’ ಎಂದು ಸುಮ್ಮನಾಗುತ್ತಾರೆ. ಈ ಪಾಠ ಅವರಿಗಾಗಿ.

ಹುಡುಕುವ ಮುಂಚೆ ಒಂದು ಹಾಳೆ ತಗೊಂಡು ಹೆಸರು ಬರೆಯಿರಿ. ಹೆಸರು, ಅಡ್ಡಹೆಸರು, ಓಣಿ, ಅವರು ಊರು ಬಿಟ್ಟದ್ದು ಯಾಕೆ. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಸಂಗೊಳ್ಳಿಯಂಥ ಊರಿನಿಂದ ಒಬ್ಬ ಸೈನ್ಯ ಸೇರಿದ, ಒಬ್ಬ ಪುಣೆಗೋ ಗೋವಾಕ್ಕೋ ದುಡಿಯಲು ಹೋದ, ಒಬ್ಬ ಧಾರವಾಡಕ್ಕೆ ಓದಲು ಹೋಗಿ ಅಲ್ಲೇ ನಿಂತ. ಸವದತ್ತಿ ಬದಿಯಲ್ಲಿ 1970ರ ದಶಕದ ಹೊತ್ತಿಗೆ ನವಿಲುತೀರ್ಥದ ಅಣೆಕಟ್ಟು ತುಂಬಿ ಮಲಪ್ರಭೆಯ ದಂಡೆಯ ಹಳ್ಳಿಗಳೇ ಎದ್ದು ಹೋದವು. ಯಾಕೆ ಹೋದರು ಎಂಬುದು ಗೊತ್ತಾದರೆ ಎಲ್ಲಿ ಹುಡುಕಬೇಕು ಎಂಬುದು ಅರ್ಧ ಗೊತ್ತಾದಂತೆ.

ಹೆಸರಿನಿಂದ ಹುಡುಕಲು ಫೇಸ್‌ಬುಕ್ ಬೇಕು. ವಾಟ್ಸ್ಆ್ಯಪಿನಲ್ಲಿ ನಂಬರ್ ಗೊತ್ತಿದ್ದರೆ ಮಾತ್ರ ಜನ ಸಿಗುತ್ತಾರೆ. ಫೇಸ್‌ಬುಕ್ಕಿನಲ್ಲಿ ಭೂತಗನ್ನಡಿಯ ಗುರುತು ಒತ್ತಿ ಬರೀ ‘ಬಸವರಾಜ ಪಾಟೀಲ’ ಎಂದು ಬರೆದರೆ ಲೆಕ್ಕವಿಲ್ಲದಷ್ಟು ಮುಖ ಬರುತ್ತವೆ. ಗಾಬರಿಯಾಗಬೇಡಿ. ಹೆಸರಿನ ಜೊತೆ ಊರಿನ ಹೆಸರನ್ನೂ ಸೇರಿಸಿ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿ ಸವದತ್ತಿಯನ್ನು ಕೆಲವರು ‘ಸೌಂದತ್ತಿ’ ಎಂದೇ ಬರೆಯುತ್ತಾರೆ. ಬೆಳಗಾವಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು, ಆದ್ದರಿಂದ ಅದಕ್ಕೂ ಮೊದಲು ಖಾತೆ ತೆರೆದವರಲ್ಲಿ ಎಷ್ಟೋ ಜನ ಇನ್ನೂ ‘ಬೆಳಗಾಂ’ ಎಂದೇ ಇಟ್ಟುಕೊಂಡಿರುತ್ತಾರೆ. ಎರಡನ್ನೂ ನೋಡಿ. ಫೋಟೊದಲ್ಲಿ ಗುರುತು ಸಿಗದಿದ್ದರೆ ಅವರ ಗೆಳೆಯರ ಪಟ್ಟಿ ನೋಡಿ. ಅಲ್ಲಿ ನಿಮ್ಮೂರಿನವರು ಒಬ್ಬಿಬ್ಬರು ಕಂಡರೂ ದಾರಿ ಸರಿ ಇದೆ.

ಕಷ್ಟವಿರುವುದು ಗೆಳತಿಯರನ್ನು ಹುಡುಕುವುದರಲ್ಲಿ. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗಿದೆ, ಕೆಲವರ ಹೆಸರೇ ಬದಲಾಗಿದೆ. ಫೋನು ಗಂಡನ ಹೆಸರಿನಲ್ಲೋ ಮಗನ ಹೆಸರಿನಲ್ಲೋ ಇರುತ್ತದೆ. ಖಾತೆ ಇದ್ದರೂ ಪ್ರೊಫೈಲ್ ಲಾಕ್ ಮಾಡಿರುತ್ತಾರೆ, ಅದು ಅವರ ಹಕ್ಕು. ಇಲ್ಲಿ ಫೇಸ್‌ಬುಕ್ ಬಿಟ್ಟು ತವರುಮನೆಯ ದಾರಿ ಹಿಡಿಯಿರಿ. ಅವರ ಅಣ್ಣತಮ್ಮಂದಿರು ಇನ್ನೂ ಊರಲ್ಲಿರುತ್ತಾರೆ. ಅವರ ಕೈಯಲ್ಲಿ ನಿಮ್ಮ ನಂಬರ್ ಕೊಟ್ಟು ‘ಅಕ್ಕಗ ಮನಸ್ಸಿದ್ದರ ಫೋನ್ ಮಾಡಲಿ’ ಎಂದು ಹೇಳಿ ಬನ್ನಿ. ಅವಳ ನಂಬರ್ ಕೇಳಿ ಇಸಿದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಹೆಣ್ಣುಮಕ್ಕಳೇ ಹೆಣ್ಣುಮಕ್ಕಳನ್ನು ಹುಡುಕಿದರೆ ಇನ್ನೂ ಸಲೀಸು.

ಗೆಳೆಯ ಸಿಕ್ಕ ಮೇಲೂ ಕೈ ಮುಂದಾಗುವುದಿಲ್ಲ. ಇಷ್ಟು ವರ್ಷ ಮಾತಾಡಿಸದೆ ಈಗೇಕೆ, ಅವನೇನು ತಿಳಿದುಕೊಂಡಾನು ಎಂಬ ಅಳುಕು. ಇದು ನಿಮ್ಮೊಬ್ಬರದಲ್ಲ. ಮನಶ್ಶಾಸ್ತ್ರಜ್ಞೆಯರಾದ ಲಾರಾ ಆಕ್ನಿನ್ ಮತ್ತು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಗೆಳೆಯನನ್ನು ಮಾತಾಡಿಸುವ ಆಸೆಯೂ ವಿಳಾಸವೂ ಇದ್ದು, ಸಂದೇಶ ಬರೆಯಲು ಸಮಯ ಕೊಟ್ಟರೂ, ಕಳಿಸಿದವರು ಮೂರರಲ್ಲಿ ಒಬ್ಬರಷ್ಟೇ. ಅವರು ಒಂದು ಉಪಾಯವನ್ನೂ ಪರೀಕ್ಷಿಸಿದರು. ಮೊದಲು ಕೆಲವು ನಿಮಿಷ ಈಗಿನ ಗೆಳೆಯರಿಗೆ ಸಂದೇಶ ಕಳಿಸಿ, ಆಮೇಲೆ ಹಳೆಯ ಗೆಳೆಯನಿಗೆ ಬರೆಯಲು ಹೇಳಿದಾಗ ಅರ್ಧಕ್ಕಿಂತ ಹೆಚ್ಚು ಜನ ಕಳಿಸಿಬಿಟ್ಟರು. ನೀವೂ ಹಾಗೇ ಮಾಡಿ. ಬಾಜೂ ಮನೆಯವರಿಗೆ, ಬೀಗರಿಗೆ ಎರಡು ಸಾಲು ಕಳಿಸಿ. ಬೆರಳು ಸಡಿಲಾದ ಕೂಡಲೇ ಗೆಳೆಯನ ಹೆಸರು ತೆಗೆಯಿರಿ.

ಏನು ಬರೆಯಬೇಕು? ‘ನಮಸ್ಕಾರ, ಹೇಗಿದ್ದೀರಿ’ ಎಂದರೆ ಯಾವನೋ ವ್ಯಾಪಾರಿ ಎಂದು ತಿಳಿದು ಬಿಟ್ಟುಬಿಡುತ್ತಾರೆ. ನಿಮ್ಮ ಹೆಸರು ಬರೆದು, ‘ಸಂಗೊಳ್ಳಿ ಕನ್ನಡ ಸಾಲ್ಯಾಗ ನಿನ್ನ ಬಾಜು ಕುಂಡ್ರತಿದ್ದೆ. ಹೊಳ್ಯಾಗ ಈಸಾಡಿ ಮಾಸ್ತರ ಕೈಲೆ ಕೂಡಿ ಹೊಡತ ತಿಂದಿದ್ವಿ. ನೀ ಅವನ ಇದ್ದರ ಒಂದು ಮಾತು ಬರಿ, ಅವಸರ ಏನಿಲ್ಲ’ ಎನ್ನಿ. ಇಬ್ಬರಿಗೇ ಗೊತ್ತಿರುವ ಒಂದು ಸಂಗತಿ ಇರಲಿ, ಬೇಡಿಕೆ ಯಾವುದೂ ಬೇಡ. ಮಗನ ನೌಕರಿ, ಮಗಳ ವರ, ಚೀಟಿ, ಇನ್ಶೂರೆನ್ಸ್ ಇವೆಲ್ಲ ಮೊದಲ ಮಾತಿನಲ್ಲಿ ಬಂದರೆ ಗೆಳೆತನ ಅಲ್ಲೇ ನಿಲ್ಲುತ್ತದೆ. ಬರೆಯಲು ಬೇಸರವಾದರೆ ವಾಟ್ಸ್ಆ್ಯಪಿನಲ್ಲಿ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ, ಬೆರಳು ಎತ್ತಿದರೆ ದನಿ ಹೋಗುತ್ತದೆ. ನನಗೆ ಕೇಳಿದರೆ ದನಿಯೇ ಉತ್ತಮ. ಮುಖ ಗುರುತು ಸಿಗದವರಿಗೂ ಮಾತಿನ ಧಾಟಿ ಗುರುತು ಸಿಗುತ್ತದೆ.

ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡಿ. ಫೇಸ್‌ಬುಕ್ಕಿನಲ್ಲಿ ಪರಿಚಯವಿಲ್ಲದವರ ಸಂದೇಶ ‘ಮೆಸೇಜ್ ರಿಕ್ವೆಸ್ಟ್’ ಎಂಬ ಬೇರೆ ಜಾಗಕ್ಕೆ ಬೀಳುತ್ತದೆ. ಅಂಥದ್ದೊಂದು ಇದೆ ಎಂದೇ ಅನೇಕರಿಗೆ ಗೊತ್ತಿಲ್ಲ. ನಿಮ್ಮದನ್ನೂ ಈಗಲೇ ತೆರೆದು ನೋಡಿ. ಯಾರೋ ನಿಮ್ಮನ್ನು ಎಂದೋ ಕರೆದಿರಬಹುದು.

ನಾಲ್ಕೈದು ಜನ ಸಿಕ್ಕರೆ ಗ್ರೂಪ್ ಮಾಡಿ. ಆದರೆ ಕೇಳದೆ ಯಾರನ್ನೂ ಸೇರಿಸಬೇಡಿ. ಗ್ರೂಪಿಗೆ ಬಂದವರ ನಂಬರ್ ಎಲ್ಲರಿಗೂ ಕಾಣುತ್ತದೆ. ಮುಂಜಾನೆಯ ಹೂವಿನ ಚಿತ್ರ, ರಾಜಕೀಯದ ಜಗಳ ಎರಡೂ ಬೇಡವೆಂದು ಮೊದಲೇ ಮಾತಾಡಿಕೊಂಡ ಗ್ರೂಪುಗಳೇ ಬಾಳಿಕೆ ಬರುತ್ತವೆ.

ಗೆಳೆಯನ ಫೋಟೊ ಇಟ್ಟುಕೊಂಡು ‘ದವಾಖಾನ್ಯಾಗ ಅದೀನಿ, ಅರ್ಜಂಟ್ ರೊಕ್ಕ ಕಳಿಸು’ ಎನ್ನುವ ಕಳ್ಳರಿದ್ದಾರೆ. ರೊಕ್ಕದ ಮಾತು ಬಂದ ಕೂಡಲೇ ನಿಮಗೆ ಗೊತ್ತಿರುವ ಹಳೆಯ ನಂಬರಿಗೆ ಫೋನ್ ಮಾಡಿ. ಸಾಲ್ಯಾಗ ಗಂಟೆ ಯಾರು ಬಾರಿಸ್ತಿದ್ರು ಎಂದು ಕೇಳಿ. ಫೋನಿಗೆ ಬರುವ ಆರಂಕಿಯ ಗುಟ್ಟಿನ ಸಂಖ್ಯೆಯನ್ನು ಗೆಳೆಯನೇ ಕೇಳಿದರೂ ಹೇಳಬೇಡಿ. ರೊಕ್ಕ ಹೋಗೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹುಡುಕುತ್ತ ಹೋದಂತೆ ಕೆಲವರು ಇಲ್ಲವೆಂಬ ಸುದ್ದಿಯೂ ಬರುತ್ತದೆ. ಆ ಹೆಸರಿನ ಮೇಲೆ ಗೀಟು ಎಳೆಯಬೇಡಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅವನ ಸಮಾಧಿಯ ಮೇಲೆ ಸಂಗಾತಿ ಬಿಚ್ಚುಗತ್ತಿ ಚನ್ನಬಸಪ್ಪ ಆಲದ ಸಸಿ ನೆಟ್ಟನೆಂದು ಜನ ಹೇಳುತ್ತಾರೆ. ಗೆಳೆಯ ಹೋದ ಮೇಲೂ ಗೆಳೆಯನ ಕೆಲಸ ಉಳಿದಿರುತ್ತದೆ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ತೀರಿಹೋದ ಗೆಳೆಯನ ಮನೆಗೆ ಒಮ್ಮೆ ಹೋಗಿ ಬನ್ನಿ. ತಂದೆ ಚಿಕ್ಕವನಿದ್ದಾಗ ಹೇಗಿದ್ದ ಎಂದು ಆ ಮಕ್ಕಳಿಗೆ ಹೇಳಬಲ್ಲವರು ನೀವು ಕೆಲವರೇ.

ಇನ್ನು ಸ್ಮಾರ್ಟ್‌ಫೋನ್ ಇಲ್ಲದವರು. ನಿಮ್ಮ ಹಾಳೆಯಲ್ಲಿ ಅಂಥವರೇ ಹೆಚ್ಚಿದ್ದಾರು. ಗ್ರೂಪಿನಲ್ಲಿರುವ ಒಬ್ಬೊಬ್ಬರೂ ಇಬ್ಬಿಬ್ಬರು ಅಂಥವರ ಜವಾಬ್ದಾರಿ ಹಂಚಿಕೊಳ್ಳಿ. ವಾರಕ್ಕೊಮ್ಮೆ ಅವರ ಕಟ್ಟೆಗೆ ಹೋಗಿ, ಬಂದ ದನಿಗಳನ್ನು ಕೇಳಿಸಿ, ಅವರ ಮಾತನ್ನೂ ಅಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಜನವರಿಯಲ್ಲಿ ಸಂಗೊಳ್ಳಿ ಉತ್ಸವಕ್ಕೆ ಹೊರಗಿನವರೂ ಊರಿಗೆ ಬರುತ್ತಾರೆ. ಕೂಡಲು ಆ ದಿನವನ್ನೇ ಗೊತ್ತುಮಾಡಿ, ಈ ಮನೆಗಳಿಗೆ ಮಾತ್ರ ನೀವೇ ನಡೆದು ಹೋಗಿ ಹೇಳಿ ಬನ್ನಿ.