ತಿಪ್ಪೆಯ ವಿದ್ಯೆ

ನಮ್ಮ ಶಾಲೆಯಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮನೆಯ ಯಜಮಾನಿಯರಾಗಿರುವರು. ಓದು ಬಂದ ಮೇಲೆ ಸಗಣಿ-ಕಸಗಳನ್ನು ಮುಟ್ಟುವದು ಹೀನವೆಂಬ ಭಾವನೆ ಕೆಲವರಲ್ಲಿ ಬೇರೂರುವದುಂಟು. ಅದು ವಿದ್ಯೆಯ ಫಲವಲ್ಲವೆಂದು ತೋರಿಸುವದೇ ಈ ಲೇಖನದ ಉದ್ದೇಶ.

ಭೂಮಿಯಿಂದ ತೆಗೆದುಕೊಂಡದ್ದನ್ನು ಭೂಮಿಗೆ ಹಿಂದಿರುಗಿಸಬೇಕೆಂಬದು ಒಕ್ಕಲುತನದ ಮೊದಲನೆಯ ಪಾಠ. ಹಳಿಯಾಳದ ಸೀಮೆಯಲ್ಲಿ ಕಬ್ಬು ಕಡಿದ ಬಳಿಕ ಹೊಲದಲ್ಲಿ ಉಳಿಯುವ ರವದಿಯನ್ನೇ ನೋಡಿರಿ. ಬೆಂಕಿಯಿಟ್ಟರೆ ಹೊಲವು ಬೇಗನೆ ಬರಿದಾಗುವದು ನಿಜ. ಆದರೆ ರವದಿಯಲ್ಲಿದ್ದ ಸಾರಜನಕದ ಬಹುಭಾಗವು ಹೊಗೆಯೊಡನೆ ಹಾರಿಹೋಗುವದು. ಅದನ್ನೇ ಸಾಲುಗಳ ನಡುವೆ ಹಾಸಿದರೆ ಬೇಸಿಗೆಯಲ್ಲಿ ತೇವವು ಉಳಿಯುವದು, ಕಳೆಯು ಅಡಗುವದು, ಕಡೆಗೆ ಅದೇ ಗೊಬ್ಬರವಾಗುವದು.

1924ರಿಂದ 1931ರ ವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹಾವರ್ಡರು ಗೊಬ್ಬರದ ಕ್ರಮವೊಂದನ್ನು ರೂಪಿಸಿದರು. ಭಾರತದ ರೈತರನ್ನು ಅವರು ತಮ್ಮ ಗುರುಗಳೆಂದೇ ಕರೆದರು. ಕಸಕಡ್ಡಿ, ಸಗಣಿ, ಗಂಜಲದಿಂದ ನೆನೆದ ಮಣ್ಣು, ಬೂದಿ ಇವುಗಳನ್ನು ಪದರುಪದರಾಗಿ ಹಾಕಿ, ತೇವವಿಟ್ಟು, ಮೂರು ಸಲ ಮಗುಚಿದರೆ ಸುಮಾರು 3 ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವದು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು ಮತ್ತೊಂದು ಕ್ರಮವನ್ನು ತೋರಿಸಿಕೊಟ್ಟರು. ಇದರಲ್ಲಿ ಗುಂಡಿಯನ್ನು ತುಂಬಿ ಮೇಲೆ ಕೆಸರು ಮೆತ್ತುವರು. ಮಗುಚುವ ಶ್ರಮವಿಲ್ಲ, ನೀರೂ ಕಡಿಮೆ ಸಾಕು, ಆದರೆ ಆರೆಂಟು ತಿಂಗಳು ಕಾಯಬೇಕು. ನಮ್ಮ ಸೀಮೆಗೆ ಎರಡೂ ಉಪಯುಕ್ತ. ಮಳೆಗಾಲದಲ್ಲಿ ಗುಂಡಿಗೆ ನೀರು ನಿಲ್ಲುವದರಿಂದ ಎತ್ತರದ ನೆಲದ ಮೇಲೆ ರಾಶಿ ಹಾಕುವದು ಲೇಸು. ಬೇಸಿಗೆಗೆ ಗುಂಡಿಯೇ ಮೇಲು.

ಮನೆಯಲ್ಲಿ ಮಾಡುವವರು ಇಷ್ಟನ್ನು ನೆನಪಿಡಬೇಕು. ಅಡಿಗೆಮನೆಯ ಹಸಿ ಕಸ ಒಂದು ಪಾಲಾದರೆ ಒಣ ಎಲೆ ಎರಡು ಮೂರು ಪಾಲು ಬೇಕು. ಹಿಡಿಯಷ್ಟನ್ನು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ದುರ್ವಾಸನೆ ಬಂದರೆ ಗಾಳಿ ಸಾಲದೆಂದು ತಿಳಿದು, ಒಣ ಎಲೆ ಸೇರಿಸಿ ಮಗುಚಬೇಕು. ರಾಶಿಯೊಳಗೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಕಾವು ಹುಟ್ಟಿದರೆ ಕಳೆಯ ಬೀಜಗಳೂ ರೋಗದ ಅಣುಜೀವಿಗಳೂ ಬಹುಮಟ್ಟಿಗೆ ನಾಶವಾಗುವವು. ಪ್ಲಾಸ್ಟಿಕ್ಕಿನ ಒಂದು ಚೂರೂ ಇದರಲ್ಲಿ ಬೀಳಬಾರದು. ಅದು ಕೊಳೆಯದೆ, ಗೊಬ್ಬರದೊಡನೆ ಹೊಲವನ್ನು ಸೇರಿ, ಅಲ್ಲಿಯೇ ಉಳಿಯುವದು.

ಹೀಗೆ ಮಾಡಿದ ಗೊಬ್ಬರಕ್ಕೆ ಹಿತ್ತಲೇ ತಕ್ಕ ಸ್ಥಳ. ಬಚ್ಚಲ ನೀರಿಗೆ ಬಾಳೆ, ಕೆಸುಗಳನ್ನು ಹಚ್ಚುವದು ನಮ್ಮ ಹಿರಿಯರ ಜಾಣತನ. ನೆರೆಯ ಜೋಯಿಡಾದ ಕುಣಬಿ ಮನೆತನದವರು ಬಗೆಬಗೆಯ ಗೆಡ್ಡೆಗೆಣಸುಗಳನ್ನು ಬೆಳೆದು ತಳಿಗಳನ್ನು ಉಳಿಸಿಕೊಂಡು ಬಂದಿರುವರು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಗೆಡ್ಡೆಗೆಣಸಿನ ಮೇಳವೂ ನಡೆದಿದೆ. ಪೇಟೆಯ ತರಕಾರಿಯನ್ನೇ ನಂಬಿರುವ ನಮ್ಮ ಮನೆಗಳು ಅವರಿಂದ ಕಲಿಯುವದು ಬಹಳವಿದೆ.

ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ದೀಪಾವಳಿಯಂದು ತಿಪ್ಪೆಗೂ ದೀಪವಿಡುವ ರೂಢಿಯುಂಟು. ಅನ್ನದ ಮೂಲ ಎಲ್ಲಿದೆಯೆಂಬದನ್ನು ಅಕ್ಷರ ಬಾರದ ಅಜ್ಜಿಯರೂ ಬಲ್ಲವರಾಗಿದ್ದರು. ಅಕ್ಷರ ಕಲಿತ ಮೊಮ್ಮಕ್ಕಳು ಅದನ್ನು ಮರೆಯಬಾರದು. ಪಾಲಕರು ಈ ಕೆಲಸವನ್ನು ಹೆಣ್ಣುಮಕ್ಕಳಿಗಷ್ಟೇ ಬಿಡದೆ ಗಂಡುಮಕ್ಕಳ ಕೈಗೂ ಸಲಿಕೆಯನ್ನು ಕೊಡಬೇಕೆಂದು ನಾವು ವಿನಂತಿಸುವೆವು.