ಟ್ಯೂಬಿಲ್ಲದ ಸೈಕಲ್ ಚಕ್ರದಲ್ಲಿ ಗಾಳಿ ನಿಲ್ಲದಿದ್ದರೆ

ಸಂಜೆ ಗಾಳಿ ತುಂಬಿಸಿದ ಚಕ್ರ ಬೆಳಗಾಗುವುದರೊಳಗೆ ನೆಲ ಕಚ್ಚಿದೆಯೇ? ಟಯರನ್ನು ದೂರಬೇಡಿರಿ, ಹೊಸ ಟಯರಿಗೆ ಕೂಡಲೇ ದುಡ್ಡು ಸುರಿಯಲೂ ಬೇಡಿರಿ. ಗಾಳಿ ಎಲ್ಲಿಂದ ಹೋಗುತ್ತಿದೆಯೆಂದು ಮೊದಲು ಹುಡುಕಿರಿ. ಮನೆಯಲ್ಲಿಯೇ ಸರಿಪಡಿಸಬಹುದಾದ ದೋಷಗಳೇ ಹೆಚ್ಚು.

ಇದನ್ನು ಅಸಡ್ಡೆ ಮಾಡತಕ್ಕದ್ದಲ್ಲ. ಗಾಳಿ ಕಡಿಮೆಯಾದ ಟಯರು ಇಳಿಜಾರಿನ ತಿರುವಿನಲ್ಲಿ ರಿಮ್ಮಿನಿಂದ ಜಾರಿತೆಂದರೆ ಗಾಳಿಯೆಲ್ಲ ಒಮ್ಮೆಲೇ ಹೊರಗೆ ಹೋಗುತ್ತದೆ. ಸವಾರ ನೆಲಕ್ಕೆ ಬೀಳುತ್ತಾನೆ. ನಿಮ್ಮ ಮಕ್ಕಳು ಇಂತಹ ಸೈಕಲನ್ನು ಏರಿ ಶಾಲೆಗೆ ಹೋಗುವವರಾದರೆ ಈ ಪಾಠವನ್ನು ಅವರಿಗೂ ಓದಿ ಹೇಳಿರಿ.

ಗಾಳಿಗೆ ನಾಲ್ವರು ಕಾವಲುಗಾರರು

ಮಾಮೂಲು ಸೈಕಲಿನಲ್ಲಿ ಗಾಳಿಯನ್ನು ಹಿಡಿದಿಡುವುದು ಟ್ಯೂಬು. ಗುಡ್ಡಗಾಡಿನ ದಾರಿಗೆಂದು ಮಾಡಿದ ಅನೇಕ ಮೌಂಟನ್ ಬೈಕುಗಳಿಗೆ ಟ್ಯೂಬೇ ಇಲ್ಲ. ಫ್ರಾನ್ಸಿನ ಮಾವಿಕ್, ಹಚಿನ್ಸನ್, ಮಿಶೆಲಿನ್ ಕಂಪನಿಗಳು ಸೇರಿ 1999ರಲ್ಲಿ ಇಂತಹ ಒಂದು ಪದ್ಧತಿಯನ್ನು ಮಾರುಕಟ್ಟೆಗೆ ತಂದವು. ಇಂದು ಬಳಕೆಯಲ್ಲಿರುವ ಚಕ್ರಗಳಲ್ಲಿ ಗಾಳಿಯನ್ನು ಕಾಯುವವು ನಾಲ್ಕು: ಟಯರಿನ ಅಂಚು, ರಿಮ್ಮಿನೊಳಗೆ ಅಂಟಿಸಿದ ಟೇಪು, ವಾಲ್ವು, ಒಳಗೆ ಹಾಕುವ ಸೀಲೆಂಟ್ ಎಂಬ ದ್ರವ. ಒಬ್ಬ ಕಾವಲುಗಾರ ತೂಕಡಿಸಿದರೂ ಗಾಳಿ ಪಾರು.

ಅನೇಕ ಸೀಲೆಂಟುಗಳಲ್ಲಿ ಇರುವುದು ರಬ್ಬರು ಹಾಲು. ಸುಳ್ಯ, ಪುತ್ತೂರು ಕಡೆಯ ರಬ್ಬರು ಬೆಳೆಗಾರರಿಗೆ ಇದರ ಗುಣ ಚೆನ್ನಾಗಿ ಗೊತ್ತು. ಹಾಲು ಹೆಪ್ಪುಗಟ್ಟದಂತೆ ಅಮೋನಿಯ ಬೆರೆಸಿಡುತ್ತಾರೆ. ಸಣ್ಣ ತೂತಿನಿಂದ ಹೊರಬೀಳುವಾಗ ಈ ಹಾಲು ಗಟ್ಟಿಯಾಗಿ ತೂತನ್ನು ಮುಚ್ಚುತ್ತದೆ. ಹಳೆಯದಾದರೆ ಒಳಗೇ ಒಣಗಿ ನಿರುಪಯೋಗಿಯಾಗುತ್ತದೆ.

ಹುಡುಕುವ ಕ್ರಮ

ಚಕ್ರಕ್ಕೆ ಗಾಳಿ ತುಂಬಿಸಿ, ಸೋಪಿನ ನೀರನ್ನು ಎಲ್ಲ ಕಡೆಯೂ ಸವರಿರಿ. ಗುಳ್ಳೆ ಎದ್ದ ಜಾಗವೇ ಗಾಳಿ ಹೊರಬೀಳುವ ಜಾಗ. ಆದರೆ ಒಂದು ಮಾತು ನೆನಪಿರಲಿ. ರಿಮ್ಮಿನ ಒಳಗು ಟೊಳ್ಳು. ಟೇಪು ಒಂದು ಕಡೆ ಹರಿದಿದ್ದರೆ, ಗಾಳಿ ಟೊಳ್ಳಿನಲ್ಲಿ ಸುತ್ತಾಡಿ ದೂರದ ಯಾವುದೋ ಕಡ್ಡಿಯ ಬುಡದಲ್ಲಿ ಹೊರಬರಬಹುದು. ಆದ್ದರಿಂದ ಕಡ್ಡಿಯ ಬುಡದಲ್ಲಿ ಗುಳ್ಳೆ ಕಂಡರೆ ಟೇಪನ್ನು ಪೂರ್ತಿಯಾಗಿ ಪರೀಕ್ಷಿಸಿರಿ.

ಸರಿಪಡಿಸುವ ಕ್ರಮ

1. ವಾಲ್ವಿನಲ್ಲಿ ಗುಳ್ಳೆ ಬಂದರೆ: ಬುಡದ ರಬ್ಬರು ಸರಿಯಾಗಿ ಕುಳಿತಿದೆಯೇ ನೋಡಿರಿ. ನಟ್ಟನ್ನು ಬೆರಳಿನಿಂದಲೇ ಬಿಗಿಮಾಡಿರಿ, ಇಕ್ಕಳ ಹಾಕಕೂಡದು. ದಾರಿಯಲ್ಲಿ ಬರಿಗೈಯಿಂದ ಅದನ್ನು ಬಿಚ್ಚಬೇಕಾದೀತು.

2. ಟೇಪು ಕೆಟ್ಟಿದ್ದರೆ: ಹಳೆಯದನ್ನು ಕಿತ್ತು, ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿರಿ. ರಿಮ್ಮಿನ ಒಳ ಅಗಲಕ್ಕಿಂತ 2–3 ಮಿಲಿಮೀಟರು ಹೆಚ್ಚಿನ ಟ್ಯೂಬ್‌ಲೆಸ್ ಟೇಪು ಬೇಕು. ವಾಲ್ವಿನ ತೂತಿಗಿಂತ ಸ್ವಲ್ಪ ಹಿಂದಿನಿಂದ ಶುರುಮಾಡಿ, ಬಿಗಿಯಾಗಿ ಎಳೆದು, ಹೆಬ್ಬೆರಳಿನಿಂದ ಒತ್ತುತ್ತ ಸುತ್ತಿರಿ. ಸುತ್ತು ಮುಗಿದ ಮೇಲೆ ಆ ತೂತನ್ನು ದಾಟಿ ಒಂದು ಗೇಣಿನಷ್ಟು ಮೇಲೆ ಮೇಲೆ ಅಂಟಿಸಿರಿ. ವಾಲ್ವಿಗಾಗಿ ಚಿಕ್ಕ ತೂತನ್ನು ಮಾತ್ರ ಮಾಡಿರಿ.

3. ಟಯರಿನ ಅಂಚಿನಲ್ಲಿ ಗುಳ್ಳೆ ಬಂದರೆ: ಮಣ್ಣನ್ನೂ ಒಣಗಿದ ಸೀಲೆಂಟನ್ನೂ ಉಜ್ಜಿ ತೆಗೆಯಿರಿ. ಅಂಚಿಗೆ ಸೋಪಿನ ನೀರು ಸವರಿ ರಭಸದಿಂದ ಪಂಪ್ ಹೊಡೆಯಿರಿ. ಅಂಚು ಕುಳಿತಾಗ 'ಟಪ್' ಎಂದು ಶಬ್ದವಾಗುತ್ತದೆ. ರಿಮ್ಮು ಡೊಂಕಾಗಿದ್ದರೆ ಸೈಕಲ್ ಅಂಗಡಿಯವರಿಗೆ ತೋರಿಸಿರಿ.

4. ಸೀಲೆಂಟ್ ಒಣಗಿದ್ದರೆ: ಬಾಟಲಿಯನ್ನು ಚೆನ್ನಾಗಿ ಅಲುಗಿಸಿ, 29 ಇಂಚಿನ ಚಕ್ರಕ್ಕೆ ಸುಮಾರು 90ರಿಂದ 120 ಮಿಲಿಲೀಟರು ಹಾಕಿರಿ. ಗಾಳಿ ತುಂಬಿದ ತರುವಾಯ ಚಕ್ರವನ್ನು ಎಲ್ಲ ಕಡೆಗೂ ಓಲಾಡಿಸಿ, ಎರಡು ಮಗ್ಗುಲಿಗೂ ಸ್ವಲ್ಪ ಹೊತ್ತು ಮಲಗಿಸಿರಿ. ಬಳಿಕ ಮೆಲ್ಲಗೆ ಸವಾರಿ ಮಾಡಿರಿ.

ಎಚ್ಚರಿಕೆ

ಟಯರಿನ ಮೇಲೆಯೂ ರಿಮ್ಮಿನ ಮೇಲೆಯೂ ಬರೆದಿರುವ ಗರಿಷ್ಠ ಒತ್ತಡಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಕೂಡದು. ಗಾಳಿ ತುಂಬುವಾಗ ಮುಖವನ್ನು ಚಕ್ರದ ಮೇಲೆ ಬಾಗಿಸಬೇಡಿರಿ. ಪೆಟ್ರೋಲು ಸುರಿದು ಬೆಂಕಿ ತಾಗಿಸಿ ಟಯರನ್ನು ಕೂರಿಸುವ ಹುಚ್ಚು ಸಾಹಸಕ್ಕೆ ಯಾರನ್ನೂ ಬಿಡಬೇಡಿರಿ.

ಸೀಲೆಂಟನ್ನು ಎರಡು ಮೂರು ತಿಂಗಳಿಗೊಮ್ಮೆ ನೋಡಿರಿ. ಬೇಸಗೆಯಲ್ಲಿ ಅದು ಬೇಗ ಒಣಗುತ್ತದೆ. ದೊಡ್ಡ ಸೀಳನ್ನು ಅದು ಮುಚ್ಚಲಾರದು. ಆದಕಾರಣ ದೂರ ಹೋಗುವಾಗ ಒಂದು ಟ್ಯೂಬನ್ನು ಜೊತೆಗಿಟ್ಟುಕೊಳ್ಳಿರಿ. ಅದನ್ನು ಹಾಕುವ ಮುನ್ನ ಟಯರಿನೊಳಗೆ ನಾಟಿರುವ ಮುಳ್ಳುಗಳನ್ನು ಕಿತ್ತುಹಾಕಿರಿ. ಇಲ್ಲದಿದ್ದರೆ ಹೊಸ ಟ್ಯೂಬೂ ಪಂಚರಾಗುತ್ತದೆ.

ನಿಮ್ಮನ್ನು ನೀವೇ ಕೇಳಿಕೊಳ್ಳಿರಿ

1. ಕಡ್ಡಿಯ ಬುಡದಲ್ಲಿ ಗುಳ್ಳೆ ಬಂದರೆ ದೋಷ ಯಾವುದರಲ್ಲಿ?
2. ವಾಲ್ವಿನ ನಟ್ಟಿಗೆ ಇಕ್ಕಳ ಏಕೆ ಹಾಕಬಾರದು?
3. ನಿಮ್ಮ ಸೈಕಲಿಗೆ ಸೀಲೆಂಟ್ ಹಾಕಿ ಎಷ್ಟು ತಿಂಗಳಾಯಿತು?

ಮೂರನೆಯ ಪ್ರಶ್ನೆಗೆ ಉತ್ತರ ತೋಚದಿದ್ದರೆ ಇಂದೇ ಚಕ್ರವನ್ನು ಬಿಚ್ಚಿ ನೋಡಿರಿ.