ವೆಬ್‌ಸೈಟ್ ಮಾಡಿಸುವ ಮುನ್ನ ಸಂಘ ತಿಳಿದಿರಬೇಕಾದ್ದು



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಮಾರುವ ದಾರಿ ನಮಗೆಲ್ಲ ಗೊತ್ತು. ಅಟ್ಟದಿಂದ ಇಳಿಸಿ, ಸುಲಿದು, ಚಿಪ್ಪು ಬಿಡಿಸಿ ಎ.ಪಿ.ಎಂ.ಸಿ.ಗೆ ಹಾಕುತ್ತೇವೆ. ಆದರೆ ಸಂಘದಲ್ಲಿ ಮಾಡಿದ ಕೊಬ್ಬರಿ ಎಣ್ಣೆ, ಕೊಬ್ಬರಿ ಮಿಠಾಯಿ, ಕಡ್ಡಿ ಪೊರಕೆ, ನಾರಿನ ಕಾಲೊರಸು ಇವುಗಳಿಗೆ ಗಿರಾಕಿಗಳನ್ನು ನಾವೇ ಹುಡುಕಬೇಕು. ಅದಕ್ಕೇ ಕೆಲವರು ವೆಬ್‌ಸೈಟ್ ಮಾಡಿಸೋಣ ಎನ್ನುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಖರ್ಚಾಗುವುದು ವಾರ ವಾರ ಕೂಡಿಸಿದ ಉಳಿತಾಯದ ಹಣ. ಆದ್ದರಿಂದ ಆ ಕೆಲಸ ಹೇಗೆ ನಡೆಯುತ್ತದೆ ಎಂದು ಈ ಪಾಠದಲ್ಲಿ ತಿಳಿಯೋಣ.

ಯಾವ ಕಂಪನಿಯಲ್ಲೂ ಸಂಬಳಕ್ಕಿರದೆ, ತಾವೇ ಕೆಲಸ ಒಪ್ಪಿಕೊಂಡು ವೆಬ್‌ಸೈಟ್ ಮಾಡಿಕೊಡುವವರಿದ್ದಾರೆ. ಇವರಿಗೆ ಫ್ರೀಲಾನ್ಸ್ ಡಿಸೈನರ್ ಎನ್ನುತ್ತಾರೆ. ನಮ್ಮೂರಿನ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದು. ಮಾಡಿಸುವವರಿಗೂ ಮಾಡುವವರಿಗೂ ಮೋಸವಾಗದಂತೆ ನಡೆಯಬೇಕು.

1. ಮೊದಲು ಮಾತುಕತೆ

ಬಟ್ಟೆ ಕತ್ತರಿಸುವ ಮುಂಚೆ ಟೈಲರ್ ಅಳತೆ ತೆಗೆದುಕೊಳ್ಳುತ್ತಾರಲ್ಲವೇ? ಒಳ್ಳೆಯ ಡಿಸೈನರ್ ಕೂಡ ಮೊದಲು ಪ್ರಶ್ನೆ ಕೇಳುತ್ತಾರೆ. ಕೊಳ್ಳುವವರು ಯಾರು? ಬೆಂಗಳೂರಿನ ಅಂಗಡಿಯವರೋ, ಮನೆಯವರೋ? ನೋಡಿದವರು ಫೋನ್ ಮಾಡಬೇಕೋ, ಅಲ್ಲೇ ಹಣ ಕಟ್ಟಬೇಕೋ? ಫೋನ್ ಎತ್ತುವವರು ಯಾರು? ಪಾರ್ಸೆಲ್ ಕಟ್ಟುವವರು ಯಾರು? ಏನೂ ಕೇಳದೆ "ಎಲ್ಲಾ ಆಗುತ್ತೆ, ದುಡ್ಡು ಕೊಡಿ" ಎಂದರೆ ಸ್ವಲ್ಪ ಯೋಚಿಸಿ.

ಗಿರಾಕಿಗಳು ಕಡಿಮೆ ಇದ್ದರೆ ಈಗಲೇ ವೆಬ್‌ಸೈಟ್ ಬೇಕಿಲ್ಲ. ವಾಟ್ಸ್‌ಆಪ್ ಬಿಸಿನೆಸ್ಸಿನಲ್ಲಿ ಸರಕಿನ ಫೋಟೋ, ಬೆಲೆ ಹಾಕುವ ಸೌಲಭ್ಯ ಉಚಿತವಾಗಿ ಸಿಗುತ್ತದೆ. ಅದನ್ನು ನಡೆಸಿ ನೋಡಿ ಮುಂದಕ್ಕೆ ಹೋಗಬಹುದು.

2. ಬರಹದಲ್ಲಿ ಒಪ್ಪಂದ

ಎಷ್ಟು ಪುಟ, ಯಾವ ಭಾಷೆ, ಎಷ್ಟು ದಿನ, ಎಷ್ಟು ಹಣ, ಎಷ್ಟು ಸಲ ತಿದ್ದಿಕೊಡುತ್ತಾರೆ ಎಂಬುದು ಕಾಗದದ ಮೇಲಿರಲಿ. ಹಣವನ್ನು ಕಂತಿನಲ್ಲಿ ಕೊಡಿ. ಲೆಕ್ಕಕ್ಕಾಗಿ 18,000 ರೂಪಾಯಿಗೆ ಒಪ್ಪಿದಿರಿ ಎಂದುಕೊಳ್ಳಿ. 6,000 ಮುಂಗಡ, ಪುಟದ ನಮೂನೆ ಒಪ್ಪಿದ ಮೇಲೆ 6,000, ಎಲ್ಲ ಒಪ್ಪಿಸಿದ ಮೇಲೆ ಉಳಿದ 6,000. ಸಂಘದ ಖಾತೆಯಿಂದಲೇ ಕೊಟ್ಟು ರಸೀದಿ ಪಡೆಯಿರಿ.

ಮುಂಗಡ ಕೊಡುವುದು ದಾನವಲ್ಲ, ಅದು ನ್ಯಾಯ. ಅವರಿಗೂ ಕರೆಂಟು, ಇಂಟರ್ನೆಟ್ ಖರ್ಚಿದೆ. "ನಮ್ಮೂರ ಹುಡುಗಿ ತಾನೇ, ಆಮೇಲೆ ಕೊಟ್ಟರಾಯ್ತು" ಎನ್ನಬಾರದು. ಕೂಲಿ ಬಾಕಿ ನಿಂತರೆ ಎಷ್ಟು ಕಷ್ಟ ಎಂದು ನಮಗೆ ಗೊತ್ತಲ್ಲ. ಒಪ್ಪಂದದಲ್ಲಿ ಇಲ್ಲದ ಹೊಸ ಪುಟ ಬೇಕೆಂದರೆ ಅದಕ್ಕೆ ಬೇರೆ ಹಣ ಮಾತಾಡಬೇಕು.

3. ನಮ್ಮ ಪಾಲಿನ ಕೆಲಸ

ಫೋಟೋ, ಬೆಲೆಪಟ್ಟಿ, ಸಂಘದ ಪರಿಚಯ ಇವನ್ನು ನಾವೇ ಕೊಡಬೇಕು. ಇದು ತಡವಾದರೆ ಕೆಲಸವೂ ತಡ. ತಿದ್ದುಪಡಿಯನ್ನು ಹತ್ತು ಜನ ಹತ್ತು ತರಹ ಹೇಳಬೇಡಿ. ಸಭೆಯಲ್ಲಿ ತೀರ್ಮಾನಿಸಿ, ಒಬ್ಬ ಪ್ರತಿನಿಧಿಯ ಮೂಲಕ ಹೇಳಿಸಿ.

ಕನ್ನಡ ಬರಹ ಯೂನಿಕೋಡ್‌ನಲ್ಲಿ ಇರಲಿ. ಡಿ.ಟಿ.ಪಿ. ಅಂಗಡಿಯಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಹಾಕಿದರೆ ಗಿರಾಕಿಯ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರ ಕಾಣುತ್ತದೆ.

ಪೊಟ್ಟಣದ ಸರಕನ್ನು ವೆಬ್‌ಸೈಟಿನಲ್ಲಿ ಮಾರಲು ಇಟ್ಟರೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಎಂ.ಆರ್.ಪಿ. ಮುಂತಾದವನ್ನು ಅಲ್ಲಿಯೂ ತೋರಿಸಬೇಕು. 2018ರ ಜನವರಿ 1ರಿಂದ ಈ ನಿಯಮ ಜಾರಿಯಲ್ಲಿದೆ. ಎಣ್ಣೆ, ಮಿಠಾಯಿ ತಿನ್ನುವ ಪದಾರ್ಥವಾದ್ದರಿಂದ ಎಫ್.ಎಸ್.ಎಸ್.ಎ.ಐ. ನೋಂದಣಿಯೂ ಬೇಕು.

4. ಒಪ್ಪಿಸಿಕೊಳ್ಳುವಾಗ

ವೆಬ್‌ಸೈಟಿನ ವಿಳಾಸಕ್ಕೆ ಡೊಮೇನ್ ಎನ್ನುತ್ತಾರೆ. ಅದು ಡಿಸೈನರ್ ಹೆಸರಿನಲ್ಲಿದ್ದರೆ ನಾಳೆ ಅವರು ಸಿಗದೆ ಹೋದಾಗ ಸಂಘದ ವಿಳಾಸವೇ ಕೈ ತಪ್ಪಬಹುದು. ಆದ್ದರಿಂದ ಸಂಘದ ಹೆಸರು, ಸಂಘದ ಇಮೇಲ್ ಕೊಟ್ಟೇ ನೋಂದಾಯಿಸಿ. ಪಾಸ್‌ವರ್ಡ್ ಇಬ್ಬರು ಪ್ರತಿನಿಧಿಗಳಿಗೆ ಗೊತ್ತಿರಲಿ. ಬ್ಯಾಂಕಿನ ಓ.ಟಿ.ಪಿ. ಮಾತ್ರ ಯಾರಿಗೂ ಹೇಳಬೇಡಿ.

ಡೊಮೇನ್ ಮತ್ತು ಸರ್ವರ್ ಜಾಗ ಒಮ್ಮೆ ಕೊಂಡರೆ ಮುಗಿಯಲಿಲ್ಲ. ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು. ಆ ಖರ್ಚನ್ನು ಮೊದಲೇ ಕೇಳಿ, ಸಂಘದ ಲೆಕ್ಕದಲ್ಲಿ ತೆಗೆದಿಡಿ.

ಇನ್ನೊಂದು ಮಾತು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಸ್ವತಂತ್ರವಾಗಿ ದುಡಿಯುವವರು ಬರೆದ ಬರಹ, ಕೋಡ್ ಇವುಗಳ ಹಕ್ಕು ಸಾಮಾನ್ಯವಾಗಿ ಅವರದೇ. ಹಣ ಕೊಟ್ಟ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಹಕ್ಕನ್ನು ಸಂಘಕ್ಕೆ ಬಿಟ್ಟುಕೊಟ್ಟಿದ್ದೇನೆ ಎಂದು ಅವರು ಬರೆದು ಸಹಿ ಮಾಡಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಎಂದು ಎಣಿಸುತ್ತದೆ. ಹಾಗಾಗಿ ಅವಧಿಯನ್ನೂ ಬರೆಸಿ.

ಕೊನೆಯ ಕಂತು ಕೊಡುವ ಮುಂಚೆ ನಿಮ್ಮದೇ ಫೋನಿನಲ್ಲಿ ಪ್ರತಿ ಪುಟ ತೆರೆದು ನೋಡಿ. ಫೋನ್ ನಂಬರ್ ಒತ್ತಿ, ಕರೆ ಬರುತ್ತದೆಯೇ ಪರೀಕ್ಷಿಸಿ. ಸರಿಯಿದ್ದರೆ ಬಾಕಿ ಹಣವನ್ನು ಅಂದೇ ಕೊಟ್ಟುಬಿಡಿ.

ಸಂಘದ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸರಕಿಗೆ ಈಗ ವೆಬ್‌ಸೈಟ್ ಬೇಕೇ, ವಾಟ್ಸ್‌ಆಪ್ ಸಾಕೇ?
2. ದಿನಾ ಫೋನ್ ಎತ್ತಿ ಉತ್ತರ ಕೊಡುವವರು ನಮ್ಮಲ್ಲಿ ಯಾರು?
3. ನವೀಕರಣದ ಖರ್ಚು ಎಲ್ಲಿಂದ ಬರುತ್ತದೆ?
4. ಈ ಕೆಲಸ ಕಲಿತಿರುವ ಹೆಣ್ಣುಮಕ್ಕಳು ನಮ್ಮೂರಿನಲ್ಲಿ ಇದ್ದಾರೆಯೇ?

ಚರ್ಚೆಯಾದ ಮೇಲೆ ತೀರ್ಮಾನವನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಓದಲು ಬಾರದ ಸದಸ್ಯೆಯರಿಗೆ ಒಪ್ಪಂದವನ್ನು ಗಟ್ಟಿಯಾಗಿ ಓದಿ ಹೇಳಿ. ಆ ಹಣದಲ್ಲಿ ಅವರ ಪಾಲೂ ಇದೆ.